ಫೋಟೋ ಇಲ್ಲದ ಅರವತ್ತು ಗಂಟೆ

ನನ್ನ ಕೊನೇ ಬೆಂಚಿನ ಜಾಣೆಗೆ,

ಬೆಳಿಗ್ಗೆಯಿಂದ ನನಗೆ ಮೈಯೆಲ್ಲ ಉರಿಯುತ್ತಿದೆ. ಮುಖ್ಯೋಪಾಧ್ಯಾಯರ ಮೇಲೆ, ವೇದಿಕೆಯ ಮೇಲಿದ್ದ ಆ ಹೂಗುಚ್ಛಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಕ್ಲಾಸ್ ಟೀಚರ್ ಆದವಳು ವಿದ್ಯಾರ್ಥಿನಿಗೆ ಹೀಗೆಲ್ಲ ಬರೆಯಬಾರದು ಅನ್ನುತ್ತಾರೆ. ಅನ್ನಲಿ ಬಿಡು.

ಈ ವರ್ಷ ನಿಮ್ಮನ್ನು ಹಿಂಡಿ ಹಿಪ್ಪೆ ಮಾಡಿದೆವು. ವಾರಕ್ಕೆರಡು ಟೆಸ್ಟು, ಶನಿವಾರ ವಿಶೇಷ ತರಗತಿ, ಅದು ಸಾಲದೆಂದು ಇಪ್ಪತ್ತು ಗಂಟೆ ಸಮಾಜಸೇವೆ. ಮುಗಿಸದವರಿಗೆ ಹಾಲ್ ಟಿಕೆಟ್ ಇಲ್ಲ. ಪ್ರತಿ ಗಂಟೆಗೂ ಸೇವಾ ಪುಸ್ತಕದಲ್ಲಿ ಒಂದು ಫೋಟೋ ಅಂಟಿಸಬೇಕು, ಅದರಲ್ಲಿ ಸೇವೆ ಪಡೆದವರೂ ಕಾಣಬೇಕು. ಆ ನಿಯಮ ಯಾರ ತಲೆಯಿಂದ ಬಂತು ಗೊತ್ತೆ? ನನ್ನ ತಲೆಯಿಂದ. ಮಕ್ಕಳು ಸುಳ್ಳು ಬರೆಯಬಾರದಲ್ಲ ಎಂದು ಮೀಟಿಂಗಿನಲ್ಲಿ ಹೇಳಿ ಶಭಾಷ್ ಅನ್ನಿಸಿಕೊಂಡಿದ್ದೆ.

ನೀನು ಪುಸ್ತಕ ತಂದಾಗ ಫೋಟೋ ಅಂಟಿಸುವ ಜಾಗವೆಲ್ಲ ಖಾಲಿ. "ವೃದ್ಧಾಶ್ರಮದಲ್ಲಿ ಅಜ್ಜಿ ತಾತಂದಿರ ಕಾಲಿನ ಉಗುರು ತೆಗೀತೀನಿ ಮಿಸ್. ಬಿಸಿನೀರಲ್ಲಿ ನೆನೆಸಿದ್ರೇನೇ ಬರೋದು. ಫೋಟೋ ಅಂದ್ರೆ ಕಾಲು ಹೊದಿಕೆ ಒಳಗೆ ಎಳ್ಕೋತಾರೆ. ಮತ್ತೆ ಕೇಳೋಕೆ ಮನಸ್ಸು ಬರ್ಲಿಲ್ಲ" ಅಂದೆ. ನಾನು ತಲೆ ಎತ್ತಿ ನಿನ್ನ ಮುಖ ನೋಡಲೂ ಇಲ್ಲ. ಮೇಜಿನ ಮೇಲೆ ಉತ್ತರ ಪತ್ರಿಕೆ ರಾಶಿ ಬಿದ್ದಿತ್ತು. "ಹಾಗಾದ್ರೆ ಸೊನ್ನೆ" ಎಂದು ಕೆಂಪು ಪೆನ್ನಿನಲ್ಲಿ ಗೀಚಿದೆ. ಹಾಲ್ ಟಿಕೆಟ್ ಬೇಕಿದ್ದರೆ ಸೇವಾ ಪುರಸ್ಕಾರ ಸಮಾರಂಭಕ್ಕೆ ಹಾಲ್ ಗುಡಿಸು, ಕುರ್ಚಿ ಹಾಕು, ಅದನ್ನೇ ಗಂಟೆಗೆ ಹಿಡಿಯೋಣ ಎಂದೆ. ಪರೀಕ್ಷೆಗೆ ಎರಡು ವಾರವೂ ಇಲ್ಲದಾಗ ನಾಲ್ಕು ದಿನ ಓದು ಬಿಟ್ಟು, ಬೇರೆಯವರ ಸೇವೆಯನ್ನು ಮೆರೆಸಲು ನೀನು ಕುರ್ಚಿ ಹೊತ್ತೆ. ಅದಕ್ಕೆ ಮಾತ್ರ ಫೋಟೋ ಇದೆ.

ಇವತ್ತು ಮೊದಲ ಬಹುಮಾನ ಪಡೆದವಳು ಆಶ್ರಮಕ್ಕೆ ಒಂದೇ ಒಂದು ಮಧ್ಯಾಹ್ನ ಹೋಗಿ, ನಾಲ್ಕು ಸಲ ಬಟ್ಟೆ ಬದಲಾಯಿಸಿ, ನಲವತ್ತು ಫೋಟೋ ತೆಗೆಸಿಕೊಂಡಿದ್ದಳಂತೆ. ಅವಳ ತಪ್ಪಲ್ಲ, ನಾವು ಕೇಳಿದ್ದನ್ನೇ ಕೊಟ್ಟಳು. ಬಹುಮಾನ ಕೊಡಲು ಕರೆಸಿದ್ದು ಅದೇ ಆಶ್ರಮದ ನರ್ಸ್ ಅವರನ್ನು. ಸಾಲಾಗಿ ನಿಂತವರನ್ನೆಲ್ಲ ಒಮ್ಮೆ ನೋಡಿ ಅವರು ನನ್ನ ಕಿವಿಯಲ್ಲಿ ಕೇಳಿದರು: "ಪ್ರತಿ ಭಾನುವಾರ ಬರ್ತಾಳಲ್ಲ, ಉಗುರು ತೆಗೆಯೋ ಹುಡುಗಿ, ಅವಳೆಲ್ಲಿ ಮೇಡಂ?" ನೀನು ಹಿಂದಿನ ಬಾಗಿಲ ಹತ್ತಿರ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದೆ. ನಾನು ಬೆರಳು ಮಾಡಿ ತೋರಿಸಿದೆ.

ಕಾರ್ಯಕ್ರಮ ಮುಗಿದದ್ದೇ ತಡ, ಅವರ ಜೊತೆಯಲ್ಲೇ ಆಶ್ರಮಕ್ಕೆ ಹೋದೆ. ಬಂದುಹೋಗುವವರ ಪುಸ್ತಕದಲ್ಲಿ ನಿನ್ನ ಸಹಿ ಹುಡುಕಿದೆ. ಇಪ್ಪತ್ತು ಭಾನುವಾರ, ಪ್ರತಿ ಸಲವೂ ಮೂರು ಗಂಟೆ. ಟೆಸ್ಟಿನ ಹಿಂದಿನ ದಿನಗಳನ್ನೂ ನೀನು ಬಿಟ್ಟಿರಲಿಲ್ಲ. ಆ ಪುಟಗಳ ಜೆರಾಕ್ಸ್ ಮಾಡಿಸಿ ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟೆ.

"ನಿಯಮ ಮಾಡಿದ್ದು ನೀವೇ ಅಲ್ವಾ?" ಅಂದರು.

"ಹೌದು ಸರ್, ಅದಕ್ಕೇ ಮುರಿಯೋಕೂ ನಾನೇ ಬಂದಿದ್ದೀನಿ" ಅಂದೆ.

ಗೊಣಗುತ್ತಲೇ, ನಿನ್ನ ಸೇವಾ ಪುಸ್ತಕದ ಸೊನ್ನೆ ಹೊಡೆದು ಅರವತ್ತು ಗಂಟೆ ಎಂದು ಬರೆದು ಸಹಿ ಹಾಕಿದರು. ನಿನ್ನ ಹಾಲ್ ಟಿಕೆಟ್ ಈ ಪತ್ರದ ಜೊತೆಗಿದೆ. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಮೈಕಿನಲ್ಲಿ ಹೇಳುತ್ತೇನೆ, ಆ ಸೊನ್ನೆ ನನ್ನದು ಅಂತ. ಕುರ್ಚಿ ಹೊತ್ತ ನಾಲ್ಕು ದಿನಗಳನ್ನು ಮಾತ್ರ ನಿನಗೆ ಹಿಂತಿರುಗಿಸಲು ನನ್ನ ಕೈಲಾಗದು. ಯಾವುದಾದರೂ ಪಾಠ ಉಳಿದಿದ್ದರೆ ಸಂಜೆ ಮನೆಗೆ ಬಾ, ಕೂತು ಹೇಳಿಕೊಡುತ್ತೇನೆ.

ಚೆನ್ನಾಗಿ ಬರೆ ಮಗಳೇ, ನಿನಗೆ ಒಳ್ಳೆಯದಾಗಲಿ. ನನ್ನನ್ನು ಮಾತ್ರ ಇಷ್ಟು ಬೇಗ ಕ್ಷಮಿಸಬೇಡ. ನಿನ್ನಂಥವರು ಸುಮ್ಮನೆ ತಲೆಯಾಡಿಸಿ ಹೋಗುವುದರಿಂದಲೇ ನನ್ನಂಥವರು ತಲೆ ಎತ್ತಿ ನೋಡದೆ ಸೊನ್ನೆ ಹಾಕುತ್ತೇವೆ.

ತಲೆ ತಗ್ಗಿಸಿ,
ನಿನ್ನ ಕ್ಲಾಸ್ ಟೀಚರ್