ಸಲಿಕೆಯ ಬೆನ್ನಿನ ಮಣ್ಣು

ಯಾಕೊವ್ ಅಂಕಲ್,

ಕಳೆದ ಮಾರ್ಚಿನಲ್ಲಿ, ನಿಮ್ಮನ್ನು ಮಣ್ಣು ಮಾಡಿದ ದಿನವೇ, ನನಗೆ ಅನ್ಯಾಯವಾಯಿತು. ಸೋವಿಯತ್ ಕೆಂಪು ಸೇನೆಯ ಸಿಪಾಯಿಯಾಗಿ ಎರಡನೇ ಮಹಾಯುದ್ಧ ಮುಗಿಸಿ ಮಿನ್ಸ್ಕ್‌ಗೆ ಮರಳಿದಾಗ ನಿಮ್ಮ ಮನೆಯಲ್ಲಿ ಬೇರೆಯವರು ಊಟಕ್ಕೆ ಕೂತಿದ್ದರು; ಆ ಹೊತ್ತೇ ಊರು ಬಿಟ್ಟವರು ದೇಶ ದೇಶ ಅಲೆದು ಅಮೆರಿಕದ ಈ ಷಾರ್ಲೆಟ್ ಊರು ಸೇರಿದಿರಿ. ಇದನ್ನು ನನಗೊಬ್ಬನಿಗೇ ಹೇಳಿದ್ದೀರಿ ಎಂದುಕೊಂಡಿದ್ದೆ. ನನ್ನ ಗೆಳೆಯ ಪ್ರತಾಪ್ ಅದನ್ನು ನಿಮ್ಮ ಸಮಾಧಿಯೆದುರು ಎಲ್ಲರಿಗೂ ಹೇಳಿದ. ಆಮೇಲೆ ನಿಮ್ಮ ಯಹೂದಿ ಪದ್ಧತಿಯಂತೆಯೇ ಸಲಿಕೆಯ ಬೆನ್ನಿನಿಂದ ಮಣ್ಣು ಹಾಕಿದ. ನಾನು ನಮ್ಮ ಪದ್ಧತಿಯಂತೆ ಕೈಯಿಂದ ಮೂರು ಹಿಡಿ ಹಾಕಿದೆ.

“ಜಾಫರ್, ಸಲಿಕೆ ಉಲ್ಟಾ ಹಿಡಿದು ಹಾಕ್ಬೇಕು ಗುರೂ. ಅಂಕಲ್ ನಿಂಗೆ ಹೇಳಿರ್ಲಿಲ್ವಾ?”

ಹೇಳಿರಲಿಲ್ಲ. ನಾನು ರಾಲೀಗೆ ಮನೆ ಬದಲಿಸಿದ ಮೇಲೆ ಪ್ರತಿ ಭಾನುವಾರ ಅವನೇ ನಿಮ್ಮ ಮನೆಗೆ ಬರುತ್ತಿದ್ದನಂತೆ. ಅಲ್ಲಿಂದ ನಿಮ್ಮಲ್ಲಿಗೆ ಡ್ರೈವ್ ಮಾಡಿದರೆ ಮೂರು ಗಂಟೆಯೂ ಆಗದ ದಾರಿ, ಗೊತ್ತು.

ಅದಿರಲಿ. ಸಾಧ್ಯವಾದರೆ ಒಮ್ಮೆ ಎದ್ದು ಬಂದು, ನೀವು ಪ್ರಾರ್ಥನೆಗೆ ಹೋಗುತ್ತಿದ್ದ ಸಿನಗಾಗ್‌ನಲ್ಲಿ, ಪ್ರತಾಪನ ಮುಂದೆಯೇ, ಎಲ್ಲರಿಗೂ ಕೇಳುವಂತೆ ಹೇಳಿ: ಮೊದಲು ನಿಮ್ಮ ಗೆಳೆಯನಾದವನು ಯಾರು?