ಕಿವಿಯ ಹಿಂದಿನ ಗುರುತು

ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸು,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬಿ.ಪಿ. ಮಾತ್ರೆಯನ್ನು ನೆನಪಾದಾಗಲ್ಲ, ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀಯ ಎಂದುಕೊಂಡಿದ್ದೇನೆ. ನನಗೆ ಮಂಡಿ ನೋವು, ಅಂಗೈ ತುಂಬ ಬಿರುಕು, ಮಲಗಿದರೆ ಕಲ್ಲಿನಂಥ ನಿದ್ದೆ. ಮೂರೂ ಒಟ್ಟಿಗೆ ಯಾಕೆ ಬಂದವು ಎಂದು ಹೇಳುವುದಕ್ಕೇ ಈ ಕಾಗದ. ನೆಟ್ಟಗೆ ಕೂತು ಓದು, ನಿನಗೆ ಹಿಡಿಸುವ ಸುದ್ದಿಯಲ್ಲ.

ಮೂರು ವರ್ಷದ ಹಿಂದೆ ನೀನು ಯಾರ್ಯಾರಿಗೋ ಹೇಳಿಸಿ ನನ್ನನ್ನು ವಾರ್ಡಿನಿಂದ ಎತ್ತಿ ಗುಣಮಟ್ಟ ವಿಭಾಗದ ಕುರ್ಚಿಯಲ್ಲಿ ಕೂರಿಸಿದೆ. "ಇಪ್ಪತ್ತೈದು ವರ್ಷ ಕಂಡೋರ ಹೇಲು ಬಳಿದಿದ್ದು ಸಾಕು, ಇನ್ನಾದ್ರೂ ಮರ್ಯಾದೆಯಾಗಿರು" ಎಂದೆ. ಮರ್ಯಾದೆ ಹೇಗಿರುತ್ತದೆಂದು ಅಲ್ಲಿ ನೋಡಿದೆ. ಅದು ಗಿರ್ರನೆ ತಿರುಗುತ್ತದೆ, ಅದರ ಮುಂದೊಂದು ಹೆಸರಿನ ಫಲಕ ಇರುತ್ತದೆ. ನರ್ಸ್ ಹುಡುಗಿಯರು ರೋಗಿಯನ್ನು ನೋಡಿ ಎಷ್ಟು ಸಲ ನಕ್ಕರೆಂದು ಗೀಟು ಹಾಕುವುದು ನನ್ನ ಕೆಲಸ. ಅಂಗಿಯಲ್ಲಿ ಒಂದು ಸುಕ್ಕೂ ಕಾಣದ ನಮ್ಮ ಸಾಹೇಬನಿಗೆ ಹುಡುಗಿಯರು ಇಟ್ಟ ಹೆಸರು ಇಸ್ತ್ರಿ. ಜೀವಮಾನದಲ್ಲಿ ಒಂದು ಗಾಯ ಕಟ್ಟಿದವನಲ್ಲ, ಆದರೆ 'ಆರೈಕೆ' ಎಂಬ ಒಂದೇ ಪದದ ಮೇಲೆ ಗಂಟೆಗಟ್ಟಲೆ ಕೊರೆಯಬಲ್ಲ. ಎದುರಿಗೆ ಕೂತು ತಲೆದೂಗುತ್ತಿದ್ದ ಕೋಲೆಬಸವರಲ್ಲಿ ನಾನೂ ಒಬ್ಬಳು. ನೀನೋ, ನಿನ್ನ ಗೃಹಪ್ರವೇಶದಲ್ಲಿ ಬೀಗರ ಮುಂದೆ "ನಮ್ಮ ತಂಗಿ ಆಡಳಿತದಲ್ಲಿದ್ದಾಳೆ" ಎಂದು ಎದೆಯುಬ್ಬಿಸಿದೆ. ನರ್ಸು ಎಂಬ ಮಾತು ನಿನ್ನ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆ ಹೊತ್ತಿಗಾಗಲೇ ನಾನು ರಾಜೀನಾಮೆ ಬರೆದು ಮೇಜಿನ ಖಾನೆಯಲ್ಲಿಟ್ಟು ಎರಡು ತಿಂಗಳಾಗಿತ್ತು.

ಅಷ್ಟರಲ್ಲಿ ವಾರ್ಡಿನ ಅರ್ಧಕ್ಕರ್ಧ ನರ್ಸುಗಳು ಜ್ವರ ಬಂದು ಮಲಗಿದರು. ಬೇರೆ ದಾರಿ ಕಾಣದೆ ನನ್ನನ್ನು ನಾಲ್ಕು ದಿನಕ್ಕೆ ಸರ್ಜರಿ ವಾರ್ಡಿಗೆ ಕಳಿಸಿದರು. ಅಲ್ಲಿ ನಿವೃತ್ತ ಬಸ್ ಡ್ರೈವರೊಬ್ಬರು ಗಂಟಲಿನ ಆಪರೇಷನ್ ಆಗಿ ಮಲಗಿದ್ದರು. ಮಾತು ಬರುತ್ತಿರಲಿಲ್ಲ. ಊಟ ಹೋಗುವ ಮೂಗಿನ ನಳಿಕೆಯನ್ನು ಎರಡು ಸಲ ಕಿತ್ತು ಎಸೆದಿದ್ದರು. ಬರೆಯಲು ಸ್ಲೇಟು ಕೊಟ್ಟರೆ 'ಮನೆಗೆ' ಎಂದಷ್ಟೇ ಗೀಚಿ ಗೋಡೆಗೆ ತಿರುಗುತ್ತಿದ್ದರು. ಹಾಸಿಗೆಗೆ ಸಿಕ್ಕಿಸಿದ್ದ ಅವರ ಹಾಳೆಯ ಮೇಲೆ 'ಸಹಕರಿಸದ ರೋಗಿ' ಎಂದು ಬರೆದಿತ್ತು. ಅದರ ಕೆಳಗೆ, 'ರೋಗಿಗೆ ಎಲ್ಲವನ್ನೂ ವಿವರಿಸಲಾಗಿದೆ' ಎಂಬ ಚೌಕದಲ್ಲಿ ಐದು ದಿನ ಐದು ಗುರುತು. ಆ ಹಾಳೆಯನ್ನು ರೂಪಿಸಿದವಳು ನಾನೇ ಅಣ್ಣಾ. ಹಿಂದಿನ ವಾರವಷ್ಟೇ ಆ ವಾರ್ಡಿಗೆ ನೂರಕ್ಕೆ ತೊಂಬತ್ತಾರು ಕೊಟ್ಟವಳೂ ನಾನೇ.

ಬಿಸಿನೀರಲ್ಲಿ ಬಟ್ಟೆ ಹಿಂಡಿ ಅವರ ಮುಖ ಒರೆಸಿದೆ. ಮೂರು ವರ್ಷದ ಮೇಲೂ ಕೈಗೆ ಕೆಲಸ ಮರೆತಿರಲಿಲ್ಲ, ಅದಾಗಿಯೇ ಕತ್ತು ದಾಟಿ ಕಿವಿಯ ಹಿಂದಕ್ಕೆ ಹೋಯಿತು. ಎರಡೂ ಕಿವಿಯ ಹಿಂದೆ ಚರ್ಮ ಸವೆದು ನುಣುಪಾದ ಒಂದು ಗೆರೆ. ಕನ್ನಡಕದ ಗೆರೆ ಅಷ್ಟು ದಪ್ಪ ಇರುವುದಿಲ್ಲ. ಬಾಗಿಲ ಹತ್ತಿರ ಚೀಲ ತಬ್ಬಿ ನಿಂತಿದ್ದ ಅವರ ಹೆಂಡತಿಯನ್ನು ಕೇಳಿದೆ. "ಕಿವಿ ಮೆಷಿನ್ ಆಪರೇಷನ್ ದಿನ ಬಿಚ್ಚಿಸಿ ಇಟ್ಕೊಂಡ್ರಮ್ಮ. ಇನ್ನೂ ಹಾಕಬಾರದೇನೋ ಅಂದ್ಕೊಂಡೆ. ಕೇಳಿದ್ರೆ ಬೈತಾರೆ" ಎಂದರು. ವಾರ್ಡಿನ ಬೀರುವಿನಲ್ಲಿ, ಅಂಟಿಸಿದ ಲಕೋಟೆಯೊಳಗೆ ಎರಡೂ ಕಿವಿಯವು ಭದ್ರವಾಗಿದ್ದವು. ಲಕೋಟೆಯ ಮೇಲೂ ನನ್ನ ವಿಭಾಗದ ಮುದ್ರೆ.

ಹೊಸ ಬ್ಯಾಟರಿ ಹಾಕಿ ಎರಡೂ ಕಿವಿಗೆ ಸಿಕ್ಕಿಸಿ, "ಗಂಟು ಪೂರ್ತಿ ತೆಗೆದಿದ್ದಾರೆ. ಹತ್ತು ದಿನಕ್ಕೆ ಮನೆಗೆ ಹೋಗ್ತೀರ" ಎಂದೆ. ಅವರು ನನ್ನ ಬಾಯನ್ನೇ ನೋಡುತ್ತಾ ಇದ್ದರು. ಆಮೇಲೆ ಸ್ಲೇಟು ಎಳೆದುಕೊಂಡು ಬರೆದರು: 'ಎಲ್ರೂ ಬಂದು ಬಾಯಿ ಆಡಿಸ್ತಿದ್ರು. ಉಳಿಯಲ್ಲ ಅಂತ ಹೇಳ್ತಿದಾರೆ ಅಂದ್ಕೊಂಡೆ.' ಆ ಮಧ್ಯಾಹ್ನ ನಳಿಕೆ ಹಾಕುವಾಗ ಅವರೇ ತಲೆ ಎತ್ತಿ ಕೊಟ್ಟರು. ನಾನು ಸಾಮಾನು ತೊಳೆಯುವ ಕೋಣೆಗೆ ಹೋಗಿ ಅತ್ತೆ. ದುಃಖಕ್ಕಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿನಗೆ ವಾರ್ಡಿನ ಸುದ್ದಿಯನ್ನೇ ಕಾಗದದ ಮೇಲೆ ಕಾಗದ ಬರೆದು ಬೇಜಾರು ಹಿಡಿಸುತ್ತಿದ್ದೆನಲ್ಲ, ಆ ಹುಡುಗಿ ಇನ್ನೂ ಬದುಕಿದ್ದಳು.

ವಿಷಯ ತಿಳಿದ ಇಸ್ತ್ರಿ ಬಹಳ ಹಿಗ್ಗಿದ. "ಹಾಳೆಯಲ್ಲಿ ಕಿವಿ ಮೆಷಿನ್ನಿಗೂ ಒಂದು ಚೌಕ ಸೇರಿಸಿಬಿಡಿ ಮೇಡಂ" ಎಂದ. ನಾನು ಸೇರಿಸಿಕೊಟ್ಟೆ. ಖಾನೆಯಲ್ಲಿದ್ದ ರಾಜೀನಾಮೆ ಹರಿದುಹಾಕಿ, ಅದರ ಜೊತೆಗೇ ವಾರ್ಡಿಗೆ ವಾಪಸ್ ಹಾಕಿ ಎಂಬ ಅರ್ಜಿಯನ್ನೂ ಕೊಟ್ಟೆ. "ಈ ವಯಸ್ಸಿನಲ್ಲಾ?" ಎಂದು ಹುಬ್ಬೇರಿಸಿದ. "ಹೌದು, ಕಾಲು ಗಟ್ಟಿ ಇರೋವಾಗ್ಲೇ" ಎಂದೆ. ಇವತ್ತಿಗೆ ಐದು ವಾರ. ಈಗ ನಾನು ಸಾದಾ ನರ್ಸು. ಬೀಗರಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟಿದ್ದು.

ಅತ್ತಿಗೆಗೆ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ. ನಿನಗೆ ಒಂದಿಷ್ಟು ಬುದ್ಧಿ ಬರಲಿ.

ನಿನ್ನ ತಂಗಿ,
ಹೇಲು ಬಳಿಯುವವಳು

ವಿ.ಸೂ.: ಅಂಚೆಗೆ ಹಾಕಲು ಹೊರಟಿದ್ದೆ, ಅತ್ತಿಗೆ ಫೋನ್ ಮಾಡಿದರು. ನಿನಗೆ ಕರುಳಿನ ಆಪರೇಷನ್ ಆಗಲೇಬೇಕೆಂದು ಡಾಕ್ಟರು ಹೇಳಿ ಹದಿನೈದು ದಿನವಾಯಿತಂತೆ. ನನಗೆ ತಿಳಿಸಬೇಡ ಎಂದೆಯಂತೆ, ತಂಗಿ ಕೈಲಿ ಮೈ ಒರೆಸಿಕೊಳ್ಳುವುದು ನಾಚಿಕೆಯಂತೆ. ಶುದ್ಧ ದಡ್ಡ ನೀನು. ಗುರುವಾರದೊಳಗೆ ಹೊರಟು ಬಾ, ಕಿಟಕಿ ಪಕ್ಕದ ಹಾಸಿಗೆ ಹೇಳಿಟ್ಟಿದ್ದೇನೆ. ಹೆದರಬೇಡ ಅಣ್ಣಾ. ಬೆಳಗ್ಗೆ ಏಳಕ್ಕೆಲ್ಲ ನಾನು ವಾರ್ಡಿನಲ್ಲಿರುತ್ತೇನೆ.