ಏನಾಗಿಲ್ಲ ತಗೋ ಎಂದವರಿಗೆ

ಅವಳಿನಗರ,
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ಎಂಬತ್ತೊಂದು

ನಮಗಿಂತ ಮೊದಲು ಈ ರಸ್ತೆಗಳನ್ನು ದಾಟಿದವರಿಗೆ,

ಇಂಥ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ನನಗೆ ಗೊತ್ತು. ನಮ್ಮ ಹಿರಿಯರು ಮೇ ತಿಂಗಳಿನಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ಮೇ ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೆಯದೆಂದು ಆ ಸೆಕೆಯಲ್ಲಿ ಬೆಂದವರೆಲ್ಲ ಒಪ್ಪಿದರಂತೆ. ನನ್ನ ಭಾಷೆಯೂ ನಿಮಗೆ ವಿಚಿತ್ರವೆನಿಸಬಹುದು. ನಾನು ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ಜಗಳ ಕನ್ನಡದಲ್ಲಿ. ಹೀಗಾಗಿ ಇಂಥ ಗಂಭೀರ ಪತ್ರಕ್ಕೆ ಬೇಕಾದ ಕನ್ನಡ ನನ್ನಲ್ಲಿ ಅರೆಬರೆಯಾಗಿದೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು. ನನ್ನ ಹೆಸರು ರುದ್ರಾಣಿ, ಲಾ ಕಾಲೇಜಿನಲ್ಲಿ ಫಸ್ಟ್ ಇಯರ್. ಈ ಪತ್ರವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಅದರ ಆಫೀಸಿನವರು ಪತ್ರ ತೆಗೆದುಕೊಳ್ಳುತ್ತಾರೆ, ಮುಟ್ಟುತ್ತದೆಂದು ಮಾತು ಕೊಡುವುದಿಲ್ಲ. ಇಷ್ಟು ವರ್ಷದಲ್ಲಿ ಒಂದಕ್ಕೂ ಉತ್ತರ ಬಂದಿಲ್ಲವಂತೆ. ಆದರೂ ಕಿಟಕಿಯ ಮುಂದೆ ಸಾಲು ಇರುತ್ತದೆ.

ನಮ್ಮಲ್ಲಿ ವಾಹನ ಓಡಿಸುವವರಿಲ್ಲ. ವಾಹನ ತಾನೇ ಓಡುತ್ತದೆ, ಅದಕ್ಕೇ ಅದನ್ನು ತಾನೋಡಿ ಎನ್ನುತ್ತೇವೆ. ತಾನೋಡಿಗಳು ಸಾಮಾನ್ಯವಾಗಿ ಯಾರಿಗೂ ಗುದ್ದುವುದಿಲ್ಲ. ಈ ‘ಸಾಮಾನ್ಯವಾಗಿ’ ಎಂಬ ಪದದ ಮೇಲೆ ನಮ್ಮ ಮೊದಲ ಸೆಮಿಸ್ಟರ್ ಪೂರ್ತಿ ನಿಂತಿದೆ. ನಡೆಯುವವರಿಗೆಂದು ರಸ್ತೆಯ ಪಕ್ಕದಲ್ಲಿ ನೆರಳುಪಟ್ಟಿ ಕಟ್ಟಿರುತ್ತಾರೆ. ಕಂಬದಿಂದ ಕಂಬಕ್ಕೆ ಎಳೆದ ದಪ್ಪ ಬಟ್ಟೆ ಅದು. ಅದಿಲ್ಲದೆ ಹತ್ತು ಗಂಟೆಯ ಮೇಲೆ ಬರಿಗಾಲಲ್ಲಿರಲಿ, ಚಪ್ಪಲಿಯಲ್ಲೂ ಯಾರೂ ನಡೆಯಲಾರರು. ಆ ಪಟ್ಟಿಗಳು ಬಿಸಿಲಿಗೆ ಹರಿಯುತ್ತಲೇ ಇರುತ್ತವೆ, ಹೊಲಿಯುವವರು ಹೊಲಿಯುತ್ತಲೇ ಇರುತ್ತಾರೆ. ನನ್ನ ಚಿಗವ್ವ ಮಹಾನಂದಾ, ಅಂದರೆ ನನ್ನ ತಾಯಿಯ ತಂಗಿ, ಉಣಕಲ್ ಕೆರೆಯ ಕಡೆಯ ಪಟ್ಟಿಗಳನ್ನು ಹೊಲಿಯುವವಳು. ಏಣಿಯ ಮೇಲೆ ಕೂತು ಹೊಲಿಯುತ್ತ ಕೆಳಗೆ ಹೋಗುವವರನ್ನೆಲ್ಲ ಮಾತಾಡಿಸುವುದು ಅವಳ ಚಟ. “ಯಾಕ್ರೀ ಅಕ್ಕಾರ, ಮಾರಿ ಸಪ್ಪಗ ಮಾಡೀರಿ, ಮತ್ತ ಗಂಡನ ಜೋಡಿ ಮಾತು ಬಿಟ್ಟೀರೇನು?” ಎಂದು ಗುರುತಿಲ್ಲದ ಹೆಂಗಸರನ್ನೂ ಕೇಳಿಬಿಡುತ್ತಿದ್ದಳು. ಅವರು ನಕ್ಕು ಹೋಗುತ್ತಿದ್ದರು. ರಜೆಯಲ್ಲಿ ಹಾಸ್ಟೆಲ್ ಮುಚ್ಚಿದಾಗ ನನಗಿದ್ದ ಮನೆ ಎಂದರೆ ಆ ದನಿ.

ನಿಮ್ಮ ಕಾಲದ ಕಾನೂನನ್ನು ನಮಗೆ ಇತಿಹಾಸದ ಪೇಪರಿನಲ್ಲಿ ಕಲಿಸುತ್ತಾರೆ. ಗುದ್ದಿದವನು ಗಾಯಗೊಂಡವರ ಚಿಕಿತ್ಸೆಗೆ ವ್ಯವಸ್ಥೆ ಮಾಡಬೇಕಿತ್ತು, ಪೊಲೀಸರಿಗೆ ತಿಳಿಸಬೇಕಿತ್ತು. ವಾಹನಕ್ಕೆ ವಿಮೆ ಇರಲೇಬೇಕಿತ್ತು. ನಡೆಯುತ್ತಿದ್ದವರದೂ ಒಂದಿಷ್ಟು ತಪ್ಪಿದ್ದರೆ ಪರಿಹಾರ ಕಡಿಮೆಯಾಗಬಹುದಿತ್ತು, ಹಕ್ಕೇ ಹೋಗುತ್ತಿರಲಿಲ್ಲ. ಗಾಬರಿಯಲ್ಲಿ ಆಡಿದ ಒಂದು ಮಾತಿನಿಂದ ಕೋರ್ಟಿನ ಬಾಗಿಲು ಮುಚ್ಚುತ್ತಿರಲಿಲ್ಲ. ನೋವು ನಾಳೆ ಕಾಣಿಸಿದರೆ ನಾಳೆ ದೂರು ಕೊಡಬಹುದಿತ್ತು. ಇದನ್ನು ಓದುವಾಗ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು ನೀವು ಏನು ಮಾಡುತ್ತಿದ್ದಿರಿ ಎಂಬುದನ್ನು ತೋರಿಸಿದರು. ಬೀದಿಯ ಕ್ಯಾಮೆರಾಗಳು ಹಿಡಿದಿಟ್ಟ ಹಳೆಯ ಚಿತ್ರಗಳು, ದನಿಯೊಂದಿಗೆ. ಒಬ್ಬರು ಬೀಳುತ್ತಾರೆ. ಜನ ಸೇರುತ್ತಾರೆ, ಯಾರೋ ನೀರಿನ ಬಾಟಲಿ ಕೊಡುತ್ತಾರೆ. ಬಿದ್ದವರು ಮೊದಲು ಚಪ್ಪಲಿ ಹುಡುಕುತ್ತಾರೆ, ಸೀರೆಯ ಮಣ್ಣು ಕೊಡವುತ್ತಾರೆ, ಗುದ್ದಿದ ಹುಡುಗನ ಹೆದರಿದ ಮುಖ ನೋಡಿ ಅವನಿಗೇ ಸಮಾಧಾನ ಹೇಳುತ್ತಾರೆ. “ಏನಾಗಿಲ್ಲಪಾ, ಹೋಗ ನೀ.” ಊರು ಬೇರೆ, ಮುಖ ಬೇರೆ, ಮಾತು ಅದೇ. ಕ್ಲಾಸಿನಲ್ಲಿ ಮೊದಮೊದಲು ಎಲ್ಲರೂ ನಕ್ಕೆವು. ಆಮೇಲೆ ಯಾರೂ ನಗಲಿಲ್ಲ, ಯಾಕೆಂದರೆ ಪ್ರತಿ ಚಿತ್ರದ ಕೊನೆಗೆ ಆ ವ್ಯಕ್ತಿ ಮುಂದೆ ಏನಾದರೆಂದು ಮೇಷ್ಟ್ರು ಹೇಳುತ್ತಿದ್ದರು.

ಇವುಗಳನ್ನೆಲ್ಲ ಸೇರಿಸಿ ನಮ್ಮವರು ಒಂದು ಕಾನೂನು ಮಾಡಿದರು. ಜನರ ರೂಢಿ ಇದೇ ಆಗಿರುವಾಗ ಕಾನೂನು ಬೇರೆ ಯಾಕಿರಬೇಕು ಎಂಬುದು ಅವರ ವಾದ. ಅದರ ಹೆಸರು ಮೊದಲಮಾತು. ತಾನೋಡಿ ಯಾರಿಗಾದರೂ ಗುದ್ದಿದರೆ “ಪೆಟ್ಟಾಯಿತೇ?” ಎಂದು ಕೇಳುತ್ತದೆ. ಗುದ್ದಿಸಿಕೊಂಡವರು ಬಾಯಿಬಿಟ್ಟು ಹೇಳಿದ್ದೇ ಕೊನೆಯ ಮಾತು. ಆಗಿದೆ ಎಂದರೆ ವಾಹನ ಅಲ್ಲೇ ನಿಲ್ಲಬೇಕು, ಅದರ ಮಾಲೀಕರು ಚಿಕಿತ್ಸೆಯ ಹೊಣೆ ಹೊರಬೇಕು. ಇಲ್ಲ ಎಂದರೆ ವಾಹನ ಬಿಡುಗಡೆ. ಮೇಲುನೋಟಕ್ಕೆ ನ್ಯಾಯವಾಗಿಯೇ ಇದೆ. ಆದರೆ ಒಂದು ತಾನೋಡಿ ನಿಂತರೆ ಅದರ ಹಿಂದಿನವೆಲ್ಲ ನಿಲ್ಲುತ್ತವೆ, ಒಳಗಿನ ಜನ ಗಾಜು ಇಳಿಸಿ ಬೈಯುತ್ತಾರೆ. ‘ರಸ್ತೆ ಕಟ್ಟಿದವಳು’ ಎಂಬುದು ನಮ್ಮಲ್ಲಿ ದೊಡ್ಡ ಬೈಗುಳ. ಹೆಣ್ಣು ನೋಡಲು ಬಂದವರೂ ವಿಚಾರಿಸಿಕೊಂಡು ಹೋಗುತ್ತಾರೆ. ಇನ್ನೂ ಒಂದಿದೆ. ಕೇಳಿದ ಮೇಲೆ ತಾನೋಡಿ ಸುಮ್ಮನಿರುವುದಿಲ್ಲ. ಬಿದ್ದವರಿಗೆ ಧೈರ್ಯ ಹೇಳಲೆಂದು, ಹಿಂದೆ ಬಿದ್ದು ಎದ್ದ ಯಾರದೋ ಮಾತನ್ನು ಅವರದೇ ದನಿಯಲ್ಲಿ ಕೇಳಿಸುತ್ತದೆ. ಇದಕ್ಕೆ ಸಮಾಧಾನದ ದನಿ ಎನ್ನುತ್ತಾರೆ. ಏನಾಗಿಲ್ಲ ಎಂದವರ ಮಾತು ಆ ಗಳಿಗೆಯಿಂದ ಆ ದಾರಿಯ ವಾಹನಗಳದ್ದು. ಅವರು ಸತ್ತರೂ ದನಿ ಊರಲ್ಲಿ ಓಡಾಡುತ್ತಿರುತ್ತದೆ. ನನ್ನ ರೂಮ್‌ಮೇಟ್ ಫರ್ಜಾನಾಳ ಅಜ್ಜನ ದನಿ ಹೊಸೂರಿನ ಕಡೆಯ ವಾಹನಗಳಲ್ಲಿದೆ. ಅವಳ ಅಜ್ಜಿ ಸಂಜೆ ಅದೇ ದಾರಿಯಲ್ಲಿ ಮೆಲ್ಲಗೆ ನಡೆಯುತ್ತಾಳೆ, ಯಾರಿಗಾದರೂ ತಾಗೀತು, ಗಂಡ ಮಾತಾಡಿಯಾನು ಎಂದು. ಇದನ್ನು ಹೇಳಿ ಫರ್ಜಾನಾ, “ಅಜ್ಜ ಇದ್ದಾಗ ಇಬ್ಬರೂ ಒಂದು ಮಾತು ಆಡ್ತಿರಲಿಲ್ಲ ನೋಡು” ಎಂದು ನಕ್ಕಳು. ನಾನು ನಗಲಿಲ್ಲ.

ಚಿಗವ್ವನಿಗೆ ತಾನೋಡಿ ಗುದ್ದಿದ್ದು ಕಾರ್ತೀಕದಲ್ಲಿ. ನಾನು ಜೊತೆಗಿದ್ದೆ. ಏಣಿ ಹೆಗಲ ಮೇಲೆ ಹೊತ್ತು ಅವಳು ಮುಂದೆ, ದಾರದ ಉಂಡೆಗಳ ಚೀಲ ಹಿಡಿದು ನಾನು ಹಿಂದೆ. ಬಿಳಿಯ ವಾಹನವೊಂದು ತಿರುವಿನಲ್ಲಿ ಬಂದು ಏಣಿಯ ತುದಿಗೆ ತಾಗಿತು, ಏಣಿ ತಿರುಗಿ ಅವಳ ತಲೆಗೆ ಬಡಿಯಿತು. ಅವಳು ನೆಲದ ಮೇಲೆ ಕೂತಳು, ಮಜ್ಜಿಗೆ ಕಡೆಯಲು ಕೂತವಳ ಹಾಗೆ. “ಪೆಟ್ಟಾಯಿತೇ?” ಎಂದು ವಾಹನ ಕೇಳಿತು. ಮರುಕ್ಷಣವೇ ಅದರೊಳಗಿಂದ ಯಾರೋ ಮುದುಕ, ಬಹಳ ಹಿಂದಿನವನಿರಬೇಕು, “ಏನೂ ಆಗಿಲ್ಲ ಏಳು ಮಗಳ” ಎಂದ. ಅಷ್ಟು ಪ್ರೀತಿಯ ದನಿಯನ್ನು ನಾನು ಕೇಳಿಯೇ ಇರಲಿಲ್ಲ. “ಚಿಗವ್ವ, ತಡಿ” ಎಂದು ನಾನು ಕೂಗಿ ಮುಗಿಸುವುದರೊಳಗೆ ಅವಳು ಆ ಮುದುಕನಿಗೆ ಉತ್ತರ ಕೊಟ್ಟಿದ್ದಳು. “ಏನಾಗಿಲ್ಲ ತಗೋ ಯಪ್ಪಾ, ಹೋಗ ನೀ. ಹಿಂದ ಮಂದಿ ಕಾಯಾಕ್ಹತ್ತಾರ.” ವಾಹನ ಹೋಯಿತು. ನಾನು ಸಿಟ್ಟಿನಲ್ಲಿ ಅತ್ತುಬಿಟ್ಟೆ. “ಅಂವ ಯಾರಂತ ಗೊತ್ತೇನು ನಿನಗ? ಅದು ಮಷೀನು.” ಅವಳು ತಲೆ ಸವರಿಕೊಳ್ಳುತ್ತ, “ಇರಲಿ ಬಿಡ. ಹಿರೇ ಮನಷ್ಯಾ ಏಳು ಅಂದಾಗ ಒಲ್ಲೆ ಅನ್ನಾಕ ಬರತೈತೇನು? ನಿಮ್ಮ ಕಾಲೇಜಿನ್ಯಾಗ ಅದನ್ನ ಕಲಿಸಂಗಿಲ್ಲೇನು?” ಎಂದಳು.

ನಾಲ್ಕನೇ ದಿನ ಅವಳು ನನ್ನ ಹೆಸರು ಕರೆಯಲು ಹೋಗಿ ಅರ್ಧಕ್ಕೇ ನಿಂತಳು. ತಲೆಯೊಳಗೆ ಸಣ್ಣಗೆ ರಕ್ತ ಸೋರುತ್ತಿತ್ತಂತೆ. ಜೀವ ಉಳಿಯಿತು. ಮಾತು ಹೋಯಿತು. ಎಲ್ಲ ಅರ್ಥವಾಗುತ್ತದೆ, ನಗುತ್ತಾಳೆ, ಸೂಜಿಗೆ ದಾರ ಪೋಣಿಸುತ್ತಾಳೆ. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತದೆ. ಬಹಳ ದಿನದ ಚಿಕಿತ್ಸೆ ಸಿಕ್ಕರೆ ಮಾತು ಮರಳಬಹುದೆಂದು ಡಾಕ್ಟರ್ ಹೇಳಿದರು. ಅದು ಸಿಗಬೇಕಾದರೆ ವಾಹನದ ಮಾಲೀಕರ ಮೇಲೆ ಹೊಣೆ ಬರಬೇಕು; ಹೊಣೆ ಬರಬೇಕಾದರೆ ಆ ಒಂದು ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಬೇಕು. ಕಾನೂನಿನಲ್ಲಿ ಅದಕ್ಕೆ ಒಂದೇ ದಾರಿ. ಆಡಿದವರೇ, ತಮ್ಮ ದನಿಯಲ್ಲೇ, ಎರಡನೇ ಮಾತು ಆಡಬೇಕು.

ನಾವು ಕಟ್ಟೆಗೆ ಹೋದೆವು. ರಸ್ತೆಯ ವ್ಯಾಜ್ಯಗಳನ್ನು ತೀರ್ಮಾನಿಸುವ ಜಾಗವನ್ನು ನಾವು ಹಾಗೆನ್ನುತ್ತೇವೆ. ಅಲ್ಲಿನ ಅಧಿಕಾರಿ ಕೆಟ್ಟವರಲ್ಲ, ನಮ್ಮಿಬ್ಬರಿಗೂ ಚಹಾ ತರಿಸಿದರು. ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದನ್ನು ತೊದಲುತ್ತ ಹೇಳಿದೆ: ಇವಳ ದನಿ ಇವಳಲ್ಲಿ ಇಲ್ಲ, ಆ ವಾಹನದಲ್ಲಿ ಇದೆ, ಆದ್ದರಿಂದ ವಾಹನವನ್ನೇ ಕೇಳಿ. ಅವರು ಆ ಬಿಳಿಯ ತಾನೋಡಿಯನ್ನು ಅಂಗಳಕ್ಕೆ ಕರೆಸಿದರು. ಮಹಾನಂದಾ ಅವರಿಗೆ ಪೆಟ್ಟಾಗಿದೆಯೇ ಎಂದು ಕೇಳಿದರು. ವಾಹನದೊಳಗಿಂದ ನನ್ನ ಚಿಗವ್ವ, ಏಣಿಯ ಮೇಲಿನ ಅದೇ ಗಟ್ಟಿ ದನಿಯಲ್ಲಿ, “ಏನಾಗಿಲ್ಲ ತಗೋ ಯಪ್ಪಾ, ಹೋಗ ನೀ” ಎಂದಳು. ನನ್ನ ಪಕ್ಕದಲ್ಲಿ ಕೂತ ಚಿಗವ್ವ ಅಲ್ಲವೆಂದು ಜೋರಾಗಿ ತಲೆಯಾಡಿಸಿದಳು. ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಅದೇ. ಅಧಿಕಾರಿ ಕನ್ನಡಕ ತೆಗೆದರು. “ಕೇಳಿದೆಲ್ಲವಾ ತಂಗಿ. ಅವರ ದನಿ ಈಗಲೂ ಅದನ್ನ ಹೇಳಾಕ್ಹತ್ತೈತಿ. ತಲಿ ಅಳ್ಳಾಡಿಸಿದ್ದು ಕಾನೂನಿನ್ಯಾಗ ಮಾತಲ್ಲ. ಅವತ್ತು ಸುಮ್ಮನ ಕುಂತಿದ್ದರ ಸಾಕಿತ್ತು ನೋಡು. ಎಚ್ಚರ ತಪ್ಪಿದವರಿಗಂತ ಒಂದು ಕಲಮು ಐತಿ, ಉತ್ತರ ಬರಲಿಲ್ಲಂದರ ಗಾಡಿ ತಾನ ನಿಲ್ಲತೈತಿ.” ಅರ್ಜಿ ವಜಾ ಆಯಿತು. ಚಿಗವ್ವ ಎದ್ದು ಹೋಗಿ ವಾಹನದ ಬಾಗಿಲಿಗೆ ಕಿವಿ ಇಟ್ಟು ನಿಂತಳು. ಅವಳನ್ನು ಅಲ್ಲಿಂದ ಕರೆತರಲು ನನಗೆ ಬಹಳ ಹೊತ್ತು ಹಿಡಿಯಿತು.

ಈಗ ಅವಳು ದಿನಾ ನಸುಕಿನಲ್ಲೇ ಹೊಲಿಗೆ ಮುಗಿಸಿ ಕೆರೆಯ ತಿರುವಿನಲ್ಲಿ ಕೂರುತ್ತಾಳೆ. ಅಧಿಕಾರಿಯ ಮಾತಿನಲ್ಲಿ ಕಡೆಯದನ್ನು ಅವಳು ನನಗಿಂತ ಚೆನ್ನಾಗಿ ಕೇಳಿಸಿಕೊಂಡಿದ್ದಳೆಂದು ನನಗೆ ಇವತ್ತೇ ಗೊತ್ತಾದದ್ದು. ಬೆಳಿಗ್ಗೆ ನಾನೂ ಅವಳ ಜೊತೆಗಿದ್ದಾಗ ಹಣ್ಣಿನ ಬುಟ್ಟಿ ಹೊತ್ತ ಗಂಡಸೊಬ್ಬನಿಗೆ ತಾನೋಡಿ ತಾಗಿತು. ಅವನು ಬಿದ್ದ. ಪೇರಲಹಣ್ಣುಗಳು ರಸ್ತೆಯ ತುಂಬ ಉರುಳಿದವು. ವಾಹನ ಕೇಳಿತು, ಆಮೇಲೆ ಧೈರ್ಯ ಹೇಳಿತು, ಚಿಗವ್ವನ ದನಿಯಲ್ಲಿ. ಅವನು ಮೊಣಕಾಲು ಒರೆಸಿಕೊಳ್ಳುತ್ತ ನಾಚಿಕೊಂಡು ನಕ್ಕು ಬಾಯಿ ತೆರೆದ. ಅಷ್ಟರಲ್ಲಿ ಚಿಗವ್ವ ಓಡಿಹೋಗಿ ಅವನ ಬಾಯಿಯ ಮೇಲೆ ಅಂಗೈ ಒತ್ತಿದಳು. ಅವನು ಕೊಸರಾಡಿದ. ಹಿಂದಿನವರು ಗಾಜು ಇಳಿಸಿದರು. “ಹುಚ್ಚೈತೇನ ಆ ಹೆಂಗಸಿಗೆ? ಬಿಡಬೇ ಅವನ್ನ.” ಅವಳು ಬಿಡಲಿಲ್ಲ. ಉತ್ತರ ಸಿಗದ ವಾಹನ ಮತ್ತೆ ಮತ್ತೆ ಅವಳದೇ ದನಿಯಲ್ಲಿ ಅವಳಿಗೆ ಹೇಳುತ್ತಿತ್ತು, ಏನಾಗಿಲ್ಲ ತಗೋ, ಏನಾಗಿಲ್ಲ ತಗೋ. ಅವಳು ಅದರ ಕಡೆ ನೋಡುತ್ತ, ಕಣ್ಣಲ್ಲಿ ನೀರು ಸುರಿಸುತ್ತ, ಅವನ ಬಾಯಿ ಮುಚ್ಚಿಯೇ ಇದ್ದಳು. ಕೊನೆಗೆ ದನಿ ನಿಂತಿತು. ವಾಹನದ ದೀಪ ಕೆಂಪಾಯಿತು. ಇಡೀ ರಸ್ತೆ ನಿಂತಿತು. ಆಗ ಆ ಮನುಷ್ಯ ತನ್ನ ಸೊಂಟ ಮುಟ್ಟಿ ನೋಡಿಕೊಂಡು, ಮೊದಲ ಸಲ ನರಳಿದ.

ನಿಮ್ಮನ್ನು ದೂರಲು ಈ ಪತ್ರ ಬರೆಯಲಿಲ್ಲ. ನಿಮ್ಮದು ಒಳ್ಳೆಯ ಮನಸ್ಸೇ, ಅದು ಗೊತ್ತು. ಆದರೆ ನಮ್ಮ ವಾಹನಗಳಿಗೆ ಮಾತು ಕಲಿಸಿದವರು ನೀವು. ಆದ್ದರಿಂದ ಕೇಳಿಕೊಳ್ಳುತ್ತೇನೆ. ನಿಮಗೆ ಯಾವುದಾದರೂ ವಾಹನ ಗುದ್ದಿದರೆ ಕೂಡಲೇ ಏಳಬೇಡಿ. ಚಪ್ಪಲಿ ಹುಡುಕಬೇಡಿ. ಗುದ್ದಿದವನ ಮುಖ ನೋಡಿ ಕರಗಬೇಡಿ. ಅವನನ್ನು ಕಳಿಸುವ ಕೆಲಸ ನಿಮ್ಮದಲ್ಲ. ನಂಬರ್ ನೋಡಿಟ್ಟುಕೊಳ್ಳಿ, ಆಸ್ಪತ್ರೆಗೆ ಹೋಗಿ, ಠಾಣೆಗೆ ತಿಳಿಸಿ. ಅವೆಲ್ಲ ನಿಮಗಿನ್ನೂ ಇವೆ. ಮೈಯ ಒಂದೊಂದು ಭಾಗವನ್ನೂ ಮುಟ್ಟಿ ಕೇಳುವ ತನಕ ಆ ಒಂದು ಮಾತನ್ನು ಮಾತ್ರ ಬಾಯಿಂದ ಬಿಡಬೇಡಿ. ಹಾರನ್ ಹೊಡೆಯುವವರು ಹೊಡೆಯಲಿ. ನೀವು ತಡೆದ ಆ ಸಾಲು ಎಷ್ಟು ಉದ್ದವಿದೆಯೆಂದು ನಿಮಗೆ ಕಾಣುವುದಿಲ್ಲ. ಅದರ ತೀರ ಕಡೆಯಲ್ಲಿ ನಾನೂ ಚಿಗವ್ವನೂ ನಿಂತಿದ್ದೇವೆ. ನಮಗೇನೂ ಅವಸರವಿಲ್ಲ.

ನಿಮ್ಮ,
ರುದ್ರಾಣಿ